ಐದು ಸೋಲಿನ ಚಾಂಪಿಯನ್: ಬೆಂಗಳೂರು ಎಫ್‌ಸಿಯ ಮೊದಲ ಸೀಸನ್

2013-14ರ ಐ-ಲೀಗ್ ಫುಟ್‌ಬಾಲ್‌ನಲ್ಲಿ ಬೆಂಗಳೂರು ಎಫ್‌ಸಿ ಆಡಿದ್ದು 24 ಪಂದ್ಯ. ಗೆದ್ದದ್ದು 14, ಸಮ ಮಾಡಿಕೊಂಡದ್ದು 5, ಸೋತದ್ದು 5. ಒಟ್ಟು 47 ಅಂಕ, ಮೊದಲ ಸ್ಥಾನ. ಹುಟ್ಟಿ ವರ್ಷವೂ ತುಂಬದ ಕ್ಲಬ್ಬು ದೇಶದ ಚಾಂಪಿಯನ್ ಆಯಿತು ಎಂದು ಆಗ ಎಲ್ಲರೂ ಬೆರಗಾದರು, ಬೆರಗಾಗಬೇಕಾದದ್ದೇ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಕ್ರೀಡಾಪ್ರೇಮಿಗಳ ಕೈಗೆ ಹೋಗುವ ಈ ಸಂಚಿಕೆಯಲ್ಲಿ ಆ ಹದಿನಾಲ್ಕು ಗೆಲುವುಗಳಿಗಿಂತ ಐದು ಸೋಲುಗಳ ಬಗ್ಗೆ ಹೇಳುವುದು ನನಗೆ ಮುಖ್ಯ ಅನ್ನಿಸುತ್ತದೆ.

ಯಾಕೆಂದರೆ ನಮ್ಮ ಕಡೆಯ ಆಟಗಳಲ್ಲಿ ಸೋಲಿಗೆ ಎರಡನೇ ದಿನ ಎಂಬುದೇ ಇಲ್ಲ. ಬಸವನಬಾಗೇವಾಡಿಯಲ್ಲಿ ಶ್ರಾವಣದ ಮೂಲ ನಂದೀಶ್ವರ ಜಾತ್ರೆಯ ಕುಸ್ತಿ ಇರಲಿ, ಹಳ್ಳಿ ಹಳ್ಳಿಯ ಹೊನಲು ಬೆಳಕಿನ ಕಬಡ್ಡಿ ಇರಲಿ, ಗುಂಡು ಎತ್ತುವ, ಚೀಲ ಹೊರುವ ಪಂದ್ಯ ಇರಲಿ, ಎಲ್ಲವೂ ಒಂದು ರಾತ್ರಿ ಅಥವಾ ಎರಡು ದಿನದ ಮಾತು. ಸಿಂದಗಿ ಕಡೆಯ ಹಳ್ಳಿಯ ಹುಡುಗರು ಪಟ್ಟಿ ಎತ್ತಿ ಕ್ರೂಸರ್ ಗಾಡಿ ಮಾಡಿಕೊಂಡು ನಾಲ್ವತ್ತು ಮೈಲಿ ದೂರದ ಪಂದ್ಯಾವಳಿಗೆ ಹೋಗುತ್ತಾರೆ. ಹೆಸರು ಕೂಗುವ ತನಕ ಕಾದು, ಮೊದಲ ಸುತ್ತಿನಲ್ಲಿ ಎರಡು ಅಂಕದಿಂದ ಸೋತು, ಊಟ ಮುಗಿಸಿ ಅದೇ ಗಾಡಿಯಲ್ಲಿ ಮರಳುತ್ತಾರೆ. ಮರುದಿನ ಆ ತಂಡ ಇರುವುದಿಲ್ಲ. ಒಬ್ಬ ಪುಣೆಗೆ ಕೆಲಸಕ್ಕೆ, ಒಬ್ಬ ಹೊಲಕ್ಕೆ, ಒಬ್ಬ ಕಾಲೇಜಿಗೆ. ಮುಂದಿನ ಜಾತ್ರೆಗೆ ಮತ್ತೆ ಬೇರೆ ಏಳು ಜನ, ಬೇರೆ ಹೆಸರಿನ ಜೆರ್ಸಿ. ಪ್ರತಿಭೆಗೆ ಇಲ್ಲಿ ಯಾವತ್ತೂ ಬರ ಬಂದಿಲ್ಲ. ಸೀಸನ್ ಮಾತ್ರ ನಮ್ಮಲ್ಲಿ ಹುಟ್ಟಲೇ ಇಲ್ಲ. ಬೆಂಗಳೂರು ಎಫ್‌ಸಿಯ ಆ ಏಳು ತಿಂಗಳನ್ನು ನಾನು ಓದಿಕೊಳ್ಳುವುದು ಈ ಕೊರತೆಯ ಕಣ್ಣಿನಿಂದ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡ, ಬ್ರಿಟಿಷ್ ಪಲ್ಟನ್ನುಗಳ ಕೈಯಲ್ಲೇ ಇದ್ದ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ತಂಡ. ಮರುವರ್ಷವೂ ಅದೇ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನ ಆಟಗಾರ. ಮೈಸೂರು ತಂಡ ಸಂತೋಷ್ ಟ್ರೋಫಿ ಗೆದ್ದದ್ದು ನಾಲ್ಕು ಬಾರಿ: 1946-47, 1952-53, 1967-68, 1968-69. ಇಲ್ಲೊಂದು ಮಾತು ನೆನಪಿರಲಿ. ಮೊದಲ ಎರಡು ಗೆಲುವಿನ ಹೊತ್ತಿಗೆ ನಮ್ಮ ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಮೈಸೂರಿನ ಗೆಲುವು ನಮ್ಮ ಅಜ್ಜಂದಿರಿಗೆ ನೆರೆ ರಾಜ್ಯದ ಸುದ್ದಿ. 1956ರ ಏಕೀಕರಣದ ಮೇಲೆ ಬಂದ ಕೊನೆಯ ಎರಡು ಟ್ರೋಫಿಗಳಷ್ಟೇ ಕಾಗದದ ಮೇಲೆ ನಮ್ಮವೂ ಆದವು.

ಆಮೇಲಿನ ದಶಕಗಳಲ್ಲಿ ಬೆಂಗಳೂರಿನ ಫುಟ್‌ಬಾಲನ್ನು ಹೊತ್ತದ್ದು ಕಾರ್ಖಾನೆಗಳು. ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಆಟಗಾರನಿಗೆ ನೌಕರಿ ಕೊಟ್ಟವು, ನೌಕರಿಯ ಜೊತೆಗೆ ಆಟವೂ ನಡೆಯಿತು. ಮನೆ ನಡೆಸಲು ಪಗಾರ, ನಿವೃತ್ತಿಗೆ ಪಿಂಚಣಿ, ಸಂಜೆಗೆ ಮೈದಾನ: ಹಲಸೂರು, ಗೌತಮಪುರದ ಎಷ್ಟೋ ಕುಟುಂಬಗಳು ಇದರಿಂದ ಬದುಕಿದವು. ಆ ವ್ಯವಸ್ಥೆಯನ್ನು ಹಗುರವಾಗಿ ಕಾಣುವುದು ನನಗೆ ಸರಿಬರುವುದಿಲ್ಲ. ಆದರೆ ಉದ್ದಿಮೆಗಳಲ್ಲಿ ನೇಮಕಾತಿ ಕಡಿಮೆಯಾದಂತೆ ತಂಡಗಳೂ ಸೊರಗಿದವು. 2012ರಲ್ಲಿ ಎಚ್‌ಎಎಲ್ ಐ-ಲೀಗ್‌ನಿಂದ ಕೆಳಗಿಳಿಯಿತು. ಅದರೊಂದಿಗೆ ದೇಶದ ಮೊದಲ ದರ್ಜೆಯ ಲೀಗ್‌ನಲ್ಲಿ ಕರ್ನಾಟಕದ ಹೆಸರೇ ಇಲ್ಲವಾಯಿತು.

ಆ ಖಾಲಿ ಜಾಗಕ್ಕೆ ಬಂದದ್ದು ಜೆಎಸ್‌ಡಬ್ಲ್ಯು. ಲೀಗ್‌ಗೆ ನೇರ ಪ್ರವೇಶ ಕೊಡಲು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2013ರಲ್ಲಿ ಬಿಡ್ ಕರೆಯಿತು. ಬಳ್ಳಾರಿ ಬಳಿಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ನಮಗೆಲ್ಲ ಪರಿಚಿತವಾದ ಈ ಸಮೂಹ ಬೆಂಗಳೂರಿನ ಹೆಸರಿನಲ್ಲಿ ಹಕ್ಕು ಪಡೆಯಿತು. ಜುಲೈನಲ್ಲಿ ಕ್ಲಬ್ಬಿನ ಹೆಸರು, ಲಾಂಛನ ಹೊರಬಂದವು. ಲೀಗ್ ಶುರುವಾಗಲು ಉಳಿದದ್ದು ಎರಡೇ ತಿಂಗಳು.

ಆ ಎರಡು ತಿಂಗಳಲ್ಲಿ ತಂಡ ಕಟ್ಟಿದ ರೀತಿಯನ್ನು ಸ್ವಲ್ಪ ನಿಂತು ನೋಡಬೇಕು. ಕೋಚ್ ಆಗಿ ಬಂದದ್ದು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದವರು, ಆಗ ಇನ್ನೂ ಮೂವತ್ತೇಳರ ಆಸುಪಾಸು. ಭಾರತ ತಂಡದ ಆಗಿನ ನಾಯಕ ಸುನಿಲ್ ಛೆಟ್ರಿಗೇ ಇಲ್ಲೂ ನಾಯಕತ್ವ. ಮುಂದೆ ಅವರ ಜೊತೆ ರಾಬಿನ್ ಸಿಂಗ್. ಹಿಂದೆ ಕಾವಲಿಗೆ ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೆನ್ಯಾದ ಕರ್ಟಿಸ್ ಒಸಾನೊ. ಮಧ್ಯದಲ್ಲಿ ಲೈಬೀರಿಯಾ ಮೂಲದ ಜಾನಿ ಮೆನ್ಯೊಂಗರ್, ಮುಂಚೂಣಿಗೆ ಆಸ್ಟ್ರೇಲಿಯಾದ ಶಾನ್ ರೂನಿ. ಕೇರಳದ ರಿನೊ ಆಂಟೊ, ಮಣಿಪುರದ ತೋಯಿ ಸಿಂಗ್, ಮಿಜೋರಾಂನ ಬೈಖೊಖೈ, ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್. ಬೇರೆ ಬೇರೆ ದಿಕ್ಕಿನಿಂದ ಬಂದ ಇವರನ್ನು ಒಂದು ತಂಡ ಮಾಡಿದ್ದು ದಿನಚರಿ. ಆಟಗಾರ ಏನು ತಿನ್ನಬೇಕು, ಎಷ್ಟು ಹೊತ್ತಿಗೆ ಮಲಗಬೇಕು, ತೂಕ ಎಷ್ಟಿರಬೇಕು, ಹೋದ ಪಂದ್ಯದಲ್ಲಿ ಎಲ್ಲಿ ಎಡವಿದ ಎಂಬುದನ್ನು ವಿಡಿಯೋದಲ್ಲಿ ಕೂತು ನೋಡಬೇಕು: ವೆಸ್ಟ್‌ವುಡ್ ಇವನ್ನೆಲ್ಲ ಕಡ್ಡಾಯ ಮಾಡಿದರು. ದೈಹಿಕ ಸಾಮರ್ಥ್ಯದ ಬಗ್ಗೆ ಅವರಿಗಿದ್ದ ಹಟ ಆಗಿನ ಭಾರತೀಯ ಕ್ಲಬ್ಬುಗಳಲ್ಲಿ ಅಪರೂಪ. ತಾಲೀಮಿಗೆ ಬೆಳಗಿನ ಹೊತ್ತು, ಹಾಲು ಬಾದಾಮಿಯ ಲೆಕ್ಕ, ವಸ್ತಾದರ ಕಣ್ಗಾವಲು ಇವೆಲ್ಲ ನಮ್ಮ ಗರಡಿ ಮನೆಗಳಲ್ಲೂ ಇದ್ದವು. ಹಾಗಾಗಿ ನಮ್ಮ ಹಳೆಯ ಪೈಲ್ವಾನರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ.

ಮೊದಲ ಪಂದ್ಯ 2013ರ ಸೆಪ್ಟೆಂಬರ್ 22ರಂದು, ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಎದುರಿಗೆ ನೂರು ವರ್ಷ ದಾಟಿದ ಮೋಹನ್ ಬಾಗಾನ್. ಶಾನ್ ರೂನಿ ಕ್ಲಬ್ಬಿನ ಮೊದಲ ಗೋಲು ಹೊಡೆದರು, ಪಂದ್ಯ 1-1ರಲ್ಲಿ ಮುಗಿಯಿತು. ಒಂದು ಅಂಕ. ನಾಕೌಟ್ ಆಗಿದ್ದರೆ ಆ ಸಂಜೆ ಪೆನಾಲ್ಟಿ ಒದೆಸಿ ಯಾರನ್ನಾದರೂ ಮನೆಗೆ ಕಳಿಸಲೇಬೇಕಿತ್ತು. ಲೀಗ್‌ನಲ್ಲಿ ಆ ಅಂಕ ಪಟ್ಟಿಯಲ್ಲಿ ಕೂತಿತು, ಏಪ್ರಿಲ್‌ವರೆಗೂ ಕೂತೇ ಇತ್ತು.

ಆ ವರ್ಷ ಲೀಗ್‌ನಲ್ಲಿ 13 ತಂಡ. ಪ್ರತಿ ತಂಡವೂ ಉಳಿದ ಹನ್ನೆರಡರ ಜೊತೆ ಎರಡೆರಡು ಸಲ ಆಡಬೇಕು, ಒಮ್ಮೆ ತವರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ. ಬೆಂಗಳೂರಿನ ಹೊರಗಿನ ಹನ್ನೆರಡು ಪಂದ್ಯಗಳ ಲೆಕ್ಕ ಹೀಗಿತ್ತು: ಕೋಲ್ಕತ್ತದ ನಾಲ್ಕು ತಂಡ, ಗೋವೆಯ ನಾಲ್ಕು, ಶಿಲ್ಲಾಂಗ್‌ನ ಎರಡು, ಮಹಾರಾಷ್ಟ್ರದ ಎರಡು. ಸಮುದ್ರ ಮಟ್ಟದ ಗೋವೆಯ ಸೆಕೆಯಲ್ಲಿ ಆಡಿ, ಕೆಲವೇ ದಿನಕ್ಕೆ ಶಿಲ್ಲಾಂಗ್‌ನ ಗುಡ್ಡದ ಚಳಿಗೆ ಹೋಗಬೇಕು. ಒಂದು ಕಡೆ ನೈಜ ಹುಲ್ಲು, ಇನ್ನೊಂದು ಕಡೆ ಕೃತಕ ಹಾಸು. ಇಂಥ ಏಳು ತಿಂಗಳಲ್ಲಿ ಯಾವ ತಂಡವೂ ದಿನವೂ ಚೆನ್ನಾಗಿ ಆಡಲಾರದು. ಬೆಂಗಳೂರು ಎಫ್‌ಸಿಯೂ ಆಡಲಿಲ್ಲ, ಐದು ಸಲ ಸೋತಿತು. ಆದರೆ ಸೋತ ಮರುದಿನ ಬೆಳಿಗ್ಗೆ ಅಭ್ಯಾಸ ಇತ್ತು, ಮುಂದಿನ ಪಂದ್ಯದ ದಿನಾಂಕ ಗೋಡೆಯ ಮೇಲಿತ್ತು, ತಿಂಗಳ ಪಗಾರ ನಿಂತಿರಲಿಲ್ಲ. ಸಂಸ್ಥೆ ಎನ್ನುವುದು ಇದನ್ನೇ.

ಇದಕ್ಕೆ ಅದೇ ಸೀಸನ್ನಿನಲ್ಲಿ ಒಂದು ಸಾಕ್ಷಿಯೂ ಸಿಗುತ್ತದೆ. 2014ರ ಜನವರಿಯಲ್ಲಿ ಕೇರಳದಲ್ಲಿ ಫೆಡರೇಷನ್ ಕಪ್ ನಡೆಯಿತು. ಚಿಕ್ಕ ಪಂದ್ಯಾವಳಿ, ಕೆಲವೇ ದಿನಗಳ ಆಟ. ಬೆಂಗಳೂರು ಎಫ್‌ಸಿ ಗುಂಪಿನ ಹಂತದಲ್ಲೇ ಹೊರಬಿತ್ತು. ಅದೇ ಕೋಚ್, ಅದೇ ಆಟಗಾರರು, ಅದೇ ಊಟ, ಅದೇ ತಾಲೀಮು. ಕಪ್ಪಿನ ಕಣ್ಣಿಗೆ ಅದು ಬೇಗ ಸೋತ ತಂಡ, ಲೀಗ್‌ನ ಕಣ್ಣಿಗೆ ಮೂರು ತಿಂಗಳ ನಂತರದ ಚಾಂಪಿಯನ್. ಪಂದ್ಯಾವಳಿಗಳನ್ನು ಮಾತ್ರ ನೋಡಿ ಹುಡುಗರನ್ನು ಅಳೆಯುವ ನಾವು ಎಷ್ಟು ಜನ ಚಾಂಪಿಯನ್ನರನ್ನು ಮೊದಲ ಸುತ್ತಿನಲ್ಲೇ ಊಟ ಹಾಕಿ ಕಳಿಸಿದ್ದೇವೋ ಎಂದು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಜನ ಕೂಡ ಸೀಸನ್ ಜೊತೆಗೇ ಬೆಳೆದರು. ಕ್ರೀಡಾಂಗಣದ ಪಶ್ಚಿಮದ ಕಟ್ಟೆಯಲ್ಲಿ ನೀಲಿ ಅಂಗಿ ತೊಟ್ಟು, ತೊಂಬತ್ತು ನಿಮಿಷವೂ ನಿಂತೇ ಹಾಡುವ ಒಂದು ಗುಂಪು ಕಟ್ಟಿಕೊಂಡಿತು, ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರಿಟ್ಟುಕೊಂಡಿತು. ಎರಡು ವಾರಕ್ಕೊಮ್ಮೆ ಅದೇ ಜಾಗಕ್ಕೆ ಬಂದು ಅದೇ ಮುಖಗಳನ್ನು ನೋಡಿದರೆ ಅಪರಿಚಿತರೂ ಬಳಗವಾಗುತ್ತಾರೆ. ಟಿಕೆಟ್ಟು, ಹಾಡು, ಬಾವುಟ, ಹೊರ ಊರಿನ ಪಂದ್ಯಕ್ಕೆ ಒಟ್ಟಿಗೆ ಪ್ರಯಾಣ ಎಲ್ಲವೂ ಅದರಿಂದ ಹುಟ್ಟಿದವು. ವರ್ಷಕ್ಕೊಂದು ರಾತ್ರಿ ಸೇರುವ ಸಾವಿರ ಜನ ಪ್ರೇಕ್ಷಕರು, ವರ್ಷಕ್ಕೆ ಹನ್ನೆರಡು ಸಲ ಸೇರುವ ಇನ್ನೂರು ಜನ ಅಭಿಮಾನಿಗಳು. ಕ್ಲಬ್ಬಿಗೆ ಬೇಕಾದದ್ದು ಎರಡನೆಯವರು.

ನಿರ್ಣಾಯಕ ಪಂದ್ಯ ಬಂದದ್ದು ಏಪ್ರಿಲ್ 21ಕ್ಕೆ, ಗೋವೆಯ ಫತೋರ್ಡಾದಲ್ಲಿ. ಎದುರಾಳಿ ಡೆಂಪೊ, ಐದು ಸಲ ರಾಷ್ಟ್ರೀಯ ಲೀಗ್ ಗೆದ್ದ ತಂಡ, ಅದರದೇ ಅಂಗಳ. ಬೆಂಗಳೂರು 4-2ರಿಂದ ಗೆದ್ದಿತು. ಮೆನ್ಯೊಂಗರ್, ರಾಬಿನ್ ಸಿಂಗ್, ಜಾನ್ಸನ್, ಛೆಟ್ರಿ ಒಂದೊಂದು ಗೋಲು ಹೊಡೆದರು. ನಾಲ್ಕು ಗೋಲು, ನಾಲ್ವರು ಆಟಗಾರರು, ಅದರಲ್ಲೊಬ್ಬ ರಕ್ಷಣೆಯವನು. ಇದಕ್ಕಿಂತ ಚೆನ್ನಾಗಿ ಆ ತಂಡವನ್ನು ಬಣ್ಣಿಸಲು ನನಗೆ ಬರುವುದಿಲ್ಲ. ಒಂದು ಪಂದ್ಯ ಬಾಕಿ ಇರುವಾಗಲೇ ಪ್ರಶಸ್ತಿ ಖಚಿತವಾಯಿತು. ಎರಡನೇ ಸ್ಥಾನದ ಈಸ್ಟ್ ಬೆಂಗಾಲ್ 43 ಅಂಕಕ್ಕೆ ನಿಂತಿತು. ಛೆಟ್ರಿ ಲೀಗ್‌ನಲ್ಲಿ 14 ಗೋಲು ಗಳಿಸಿ, ಡ್ಯಾರಿಲ್ ಡಫಿ ಮತ್ತು ಕಾರ್ನೆಲ್ ಗ್ಲೆನ್ ಜೊತೆ ಗೋಲು ಗಳಿಕೆಯ ಅಗ್ರಸ್ಥಾನ ಹಂಚಿಕೊಂಡರು.

ಮರುವರ್ಷ ಪ್ರಶಸ್ತಿ ಕೈತಪ್ಪಿತು, ಅದೂ ತವರಿನಲ್ಲೇ. 2015ರ ಮೇ 31ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಅದೇ ಮೋಹನ್ ಬಾಗಾನ್ ವಿರುದ್ಧ ಗೆಲ್ಲಲೇಬೇಕಿದ್ದ ಕೊನೆಯ ಪಂದ್ಯ. ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. ಕೊನೆಯ ನಿಮಿಷಗಳಲ್ಲಿ ಬಾಗಾನ್‌ನ ಬೆಲ್ಲೊ ರಜಾಕ್ ತಲೆ ಕೊಟ್ಟು ಸಮ ಮಾಡಿದರು. ಆ ಒಂದು ಗೋಲು ಪ್ರಶಸ್ತಿಯನ್ನು ಕೋಲ್ಕತ್ತಕ್ಕೆ ಒಯ್ದಿತು. ಅಂಥ ಸೋಲು ಜಾತ್ರೆಯ ತಂಡವನ್ನು ಚದುರಿಸಿಬಿಡುತ್ತಿತ್ತು. ಬೆಂಗಳೂರು ಎಫ್‌ಸಿ ಮುಂದಿನ ಸೀಸನ್ನಿನಲ್ಲಿ ಮತ್ತೆ ಚಾಂಪಿಯನ್ ಆಯಿತು. 2016ರ ಅಕ್ಟೋಬರ್ 19ರಂದು ಹಿಂದಿನ ವರ್ಷದ ವಿಜೇತ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಸೋಲಿಸಿ, ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್‌ಗೆ ಹೋದ ಮೊದಲ ಭಾರತೀಯ ಕ್ಲಬ್ ಎನಿಸಿತು. ದೋಹಾದ ಫೈನಲ್‌ನಲ್ಲಿ ಇರಾಕ್‌ನ ವಾಯುಪಡೆ ತಂಡ ಒಂದು ಗೋಲಿನಿಂದ ಗೆದ್ದಿತು. ಆಮೇಲೆ ಇಂಡಿಯನ್ ಸೂಪರ್ ಲೀಗ್, 2018-19ರ ಅದರ ಪ್ರಶಸ್ತಿ, 2022ರ ಡ್ಯುರಾಂಡ್ ಕಪ್. ಅವೆಲ್ಲ ಬೇರೆ ಲೇಖನಗಳ ವಿಷಯ.

ನಮಗೆ ಹತ್ತಿರದ ಬೆಳವಣಿಗೆ ಎರಡು. 2023ರ ಮಾರ್ಚ್ 4ರಂದು ಕರ್ನಾಟಕ ತಂಡ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ಇನ್ನೊಂದು ಅದಕ್ಕಿಂತಲೂ ಹತ್ತಿರದ್ದು: ತೋರಣಗಲ್ಲಿನ ಪಕ್ಕದ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆಯಿತು, ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿಯೂ ಅಲ್ಲಿ ನೆಲೆಗೊಂಡಿತು. ರಾಜಧಾನಿಯ ಕ್ಲಬ್ಬಿನ ಹುಡುಗರು ಬೆಳೆಯುವುದು ಈಗ ನಮ್ಮ ಬಿಸಿಲಿನಲ್ಲಿ, ಬಳ್ಳಾರಿ ಸೀಮೆಯಲ್ಲಿ. ಬೆಂಗಳೂರಿಗೆ ಇಂಡಿ ರೋಡ್, ಬಸವನಬಾಗೇವಾಡಿ ರೋಡ್ ನಿಲ್ದಾಣಗಳಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿಯೆಲ್ಲ ಕೂರಬೇಕು. ಸಿಂದಗಿ, ಮುದ್ದೇಬಿಹಾಳಕ್ಕಂತೂ ರೈಲೇ ಇಲ್ಲ, ಬಸ್ಸೇ ಗತಿ. ತೋರಣಗಲ್ಲಿಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಆದರೆ ಅಕಾಡೆಮಿಯ ಆಯ್ಕೆಗೆ ಹೋಗುವ ಹುಡುಗ ಅದಕ್ಕೆ ಮುಂಚೆ ಎಲ್ಲಿ ಆಡಿರಬೇಕು? ವಿಜಯಪುರದ ಸೈನಿಕ ಶಾಲೆಯಲ್ಲಿ 1963ರಿಂದ ಮೈದಾನ, ವೇಳಾಪಟ್ಟಿ, ಹೌಸ್ ಹೌಸ್‌ಗಳ ನಡುವಿನ ಪಂದ್ಯ ಎಲ್ಲ ಇವೆ. ಅಲ್ಲಿನ ಮಕ್ಕಳಿಗೆ ಸೀಸನ್ ಎಂದರೇನೆಂದು ಗೊತ್ತು. ತಾಲ್ಲೂಕಿನ ಹುಡುಗನಿಗೆ ಇರುವುದು ಎರೆಮಣ್ಣಿನ ಬಯಲು. ಎರೆಯಲ್ಲಿ ಫುಟ್‌ಬಾಲ್ ಆಡಿದವರಿಗೇ ಅದರ ಕಷ್ಟ ಗೊತ್ತು. ಮಳೆ ಬಿದ್ದರೆ ಮಣ್ಣು ಬೂಟಿಗೆ ಅಂಟಿ ಪದರ ಪದರವಾಗಿ ಬೆಳೆಯುತ್ತದೆ. ನಾಲ್ಕು ಹೆಜ್ಜೆ ಓಡಿ ನಿಂತು, ಕಡ್ಡಿಯಿಂದ ಕೆರೆದು, ಮತ್ತೆ ಓಡಬೇಕು. ಚೆಂಡು ಪುಟಿಯುವುದಿಲ್ಲ, ಬಿದ್ದಲ್ಲೇ ಕೂರುತ್ತದೆ. ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ. ಬಿರುಕಿನಲ್ಲಿ ಕಾಲು ಸಿಕ್ಕಿ ಪಾದ ಉಳುಕಿದರೆ ಎರಡು ತಿಂಗಳು ಮನೆ. ಗರಸು ಹಾಕಿ ರೋಲರ್ ಹೊಡೆಸಿದ ಕಡೆ ಚೆಂಡೇನೋ ಓಡುತ್ತದೆ, ಬಿದ್ದವನ ಮೊಣಕಾಲಿನ ಚರ್ಮ ಉಳಿಯುವುದಿಲ್ಲ. ಇಂಥ ನೆಲದ ಮೇಲೂ ಪಿ.ಟಿ. ಮಾಸ್ತರರು ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಎರಡು ಬಿದಿರು ನೆಟ್ಟು ಮಕ್ಕಳನ್ನು ಆಡಿಸುತ್ತಾ ಬಂದಿದ್ದಾರೆ. ಆ ಮಾಸ್ತರರ ಶ್ರಮದ ಬಗ್ಗೆ ಯಾವ ಸ್ಮರಣ ಸಂಚಿಕೆ ಎಷ್ಟು ಪುಟ ಕೊಟ್ಟರೂ ಕಡಿಮೆಯೇ.

ಕೃತಕ ಹಾಸಿನ ಕ್ರೀಡಾಂಗಣಕ್ಕೆ ಕಾಯುತ್ತ ಕೂರುವುದು ಬೇಡ ಎನ್ನುವವನು ನಾನು. ಮೈದಾನ ಬಂದ ಮೇಲೆ ಲೀಗ್ ಎಂದರೆ ಎರಡೂ ಬರುವುದಿಲ್ಲ. ಲೀಗ್ ನಡೆಯುವ ಊರಿಗೆ ಮೈದಾನ ಕೇಳುವ ಹಕ್ಕು ತಾನಾಗಿ ಬರುತ್ತದೆ. ನಾಲ್ಕು ತಾಲ್ಲೂಕು, ನಾಲ್ಕು ತಂಡ. ಪ್ರತಿಯೊಬ್ಬರೂ ಉಳಿದ ಮೂವರ ಜೊತೆ ತವರಿನಲ್ಲೊಂದು, ಹೊರಗೊಂದು ಆಡಿದರೆ ಒಟ್ಟು 12 ಪಂದ್ಯ. ಭಾನುವಾರಕ್ಕೆ ಎರಡರಂತೆ ಆರು ಭಾನುವಾರ ಸಾಕು. ದೀಪಾವಳಿ ಮುಗಿದು ನೆಲ ಆರಿದ ಮೇಲೆ, ಇನ್ನೂ ಬಿರುಕು ಬಿಡುವ ಮುಂಚೆ ಶುರು ಮಾಡಬೇಕು. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ ಕೂಡುವ ಹೊತ್ತಿಗೆ ಮುಗಿಸಬಹುದು. ತಂಡಕ್ಕೆ ಹದಿನೆಂಟು ಹುಡುಗರು, ಒಮ್ಮೆ ಹೆಸರು ಬರೆಸಿದರೆ ಆರೂ ಪಂದ್ಯಕ್ಕೆ ಅವರೇ. ಸೋತ ತಂಡಕ್ಕೂ ಮುಂದಿನ ಭಾನುವಾರದ ಗಾಡಿಯ ಬಾಡಿಗೆ ಮೊದಲೇ ಎತ್ತಿಟ್ಟಿರಬೇಕು. ಗೆದ್ದವರ ಬಹುಮಾನದ ಹಣದಲ್ಲಿ ಅರ್ಧ ಕಡಿತವಾದರೂ ಚಿಂತೆಯಿಲ್ಲ, ಈ ಬಾಡಿಗೆಗೆ ಕೊರತೆಯಾಗಬಾರದು. ಅಂಕಪಟ್ಟಿಯನ್ನು ನಾಲ್ಕೂ ಊರಿನ ಬಸ್ ನಿಲ್ದಾಣದ ಬಳಿ ಬೋರ್ಡಿನ ಮೇಲೆ ಬರೆಸಿ, ಸೋಮವಾರ ಬೆಳಿಗ್ಗೆ ತಿದ್ದಬೇಕು.

ಮೊದಲ ಭಾನುವಾರ ಸಿಂದಗಿಯವರು ಇಂಡಿಗೆ ಬರಲಿ, ಬಾಗೇವಾಡಿಯವರು ಮುದ್ದೇಬಿಹಾಳಕ್ಕೆ ಹೋಗಲಿ. ಎರಡನೇ ವಾರ ಇಂಡಿಯವರು ಬಾಗೇವಾಡಿಗೆ, ಮುದ್ದೇಬಿಹಾಳದವರು ಸಿಂದಗಿಗೆ. ಮೂರನೇ ವಾರ ಮುದ್ದೇಬಿಹಾಳದವರು ಇಂಡಿಗೆ, ಬಾಗೇವಾಡಿಯವರು ಸಿಂದಗಿಗೆ. ಉಳಿದ ಮೂರು ವಾರ ಇದೇ ಪಂದ್ಯಗಳು, ಅಂಗಳ ಮಾತ್ರ ಅದಲುಬದಲು. ಈ ಪುಟ ಓದುವ ನಾಲ್ಕೂ ಊರಿನ ಮಾಸ್ತರರು ಒಂದು ದಿನ ವಿಜಯಪುರದಲ್ಲಿ ಸೇರಿ ದಿನಾಂಕ ಗೊತ್ತುಮಾಡಿಕೊಂಡರೆ, ಈ ವರ್ಷದ ದೀಪಾವಳಿಯ ನಂತರದ ಭಾನುವಾರಕ್ಕೇ ಶುರು ಮಾಡಬಹುದು.